ಪುಣೆಯಿಂದ ಬಂದ ಕಾದಂಬರಿ, ಪುಣೆಗೆ ಹೋದ 'ಪರ್ವ'

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಬಸ್ಸಿನಲ್ಲಿ ಓದಿಕೊಳ್ತೀವಿ ಅನ್ನೋರಿಗಾಗಿ ಈ ವಾರದ ಮಾತನ್ನು ಬರೆದು ಹಾಕಿದ್ದೇನೆ. ತೊದಲಿದ್ದು, ಕೆಮ್ಮಿದ್ದು ತೆಗೆದಿದ್ದೇನೆ. ಉಳಿದದ್ದು ಹೇಳಿದ ಹಾಗೇ ಇದೆ.

ಈ ಸಲ ಪುಸ್ತಕದ ಮಾತು. ಹಳೆಯ ಮಹಾಕಾವ್ಯದಿಂದ ಹುಟ್ಟಿದ ಹೊಸ ಕಾದಂಬರಿಗಳು ಯಾವುವು, ಯಾವುದನ್ನು ಓದಬೇಕು ಅಂತ ಬಹಳ ಜನ ಕೇಳಿದ್ದೀರಿ. ಹೆಸರು ಹೇಳ್ತೀನಿ. ಆದರೆ ಮೊದಲು ನನ್ನ ಮುಖಕ್ಕೆ ಬಿದ್ದ ಒಂದು ಏಟಿನ ಕಥೆ ಹೇಳಬೇಕು.

ನಾನು ಹಡಪಸರಕ್ಕೆ ಬಂದ ಹೊಸತು. ಮಗರಪಟ್ಟಾದಲ್ಲಿ ಕೆಲಸ. ನಮ್ಮ ಟೀಮಿನಲ್ಲಿ ಸಾತಾರಾ ಕಡೆಯ ಒಬ್ಬ ಹಿರಿಯರಿದ್ದರು, ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದರು. ಒಂದು ದಿನ ಊಟದ ಹೊತ್ತಿಗೆ ನಾನು ಹಾವೇರಿ ಜಿಲ್ಲೆಯವನು, ಮನೆಮಾತು ಕನ್ನಡ ಅಂತ ಗೊತ್ತಾಯಿತು. ಕೂಡಲೇ ಡಬ್ಬಿ ಪಕ್ಕಕ್ಕೆ ಸರಿಸಿ, "ತುಮ್ಹಿ ಪರ್ವ ವಾಚಲಂಯ್ ಕಾ?" ಅಂತ ಕೇಳಿದರು. ಪರ್ವ ಓದಿದ್ದೀರಾ ಅಂತ. ಅವರು ಮರಾಠಿಯಲ್ಲಿ ಎರಡು ಸಲ ಓದಿದ್ದರಂತೆ. ಕುಂತಿಯ ಬಗ್ಗೆ, ಭೀಮನ ಬಗ್ಗೆ ಮಾತಾಡುತ್ತಾ ಹೋದರು. "ನಿಮಗೆ ಮೂಲದಲ್ಲೇ ಓದೋ ಭಾಗ್ಯ ಇದೆ, ಮೂಲದಲ್ಲಿ ಹೇಗಿದೆ ಹೇಳಿ" ಅಂದರು.

ನಾನು ಓದಿರಲಿಲ್ಲ. ಊರಲ್ಲಿ ನಮ್ಮ ಅಟ್ಟದ ಮೇಲೆ ಪ್ರತಿ ಇತ್ತು. "ಲೇ, ಆ ಪುಸ್ತಕ ಅಲ್ಲೇ ಐತಿ ನೋಡು, ನೀ ಯಾವಾಗ ಓದಾಂವ?" ಅಂತ ಅಪ್ಪ ಪ್ರತಿ ರಜೆಯಲ್ಲೂ ಕೇಳುತ್ತಿದ್ದ. ಕನ್ನಡದ ಕಾದಂಬರಿಯನ್ನು ಕನ್ನಡದವನಿಗೆ ಓದು ಅಂತ ಹೇಳೋಕೆ ಒಬ್ಬ ಮರಾಠಿ ಮನುಷ್ಯ ಬೇಕಾಯಿತು. ಆವತ್ತು ಆದ ನಾಚಿಕೆ ಸಣ್ಣದಲ್ಲ. ಆದರೆ ಆ ನಾಚಿಕೆಯ ಹಿಂದೆ ಬಿದ್ದು ಹುಡುಕಿದಾಗ ಗೊತ್ತಾಯಿತು: ಪುಣೆಗೂ ನಮ್ಮ ಕಡೆಗೂ ಪುಸ್ತಕಗಳ ಓಡಾಟ ನೂರು ವರ್ಷಕ್ಕೂ ಹಳೆಯದು. ಐಟಿ ಪಾರ್ಕು ಬರೋಕೆ ಬಹಳ ಮುಂಚೆಯೇ ಈ ದಾರಿಯಲ್ಲಿ ಜನ ಪುಸ್ತಕ ಹೊತ್ತಿದ್ದಾರೆ.

ಹೊತ್ತು ಮಾರಿದ ಕಾದಂಬರಿ

ಮೊದಲು ಪುಣೆಯಿಂದ ಕನ್ನಡಕ್ಕೆ ಬಂದ ದಾರಿ ನೋಡೋಣ. ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ದೊಡ್ಡ ಓದು ಓದಬೇಕು ಅಂದರೆ ನಮ್ಮ ಕಡೆಯ ಹುಡುಗರು ಪುಣೆಗೆ ಬರುತ್ತಿದ್ದರು. ಆಲೂರ ವೆಂಕಟರಾಯರು ಓದಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ, ಬೇಂದ್ರೆಯವರು ಓದಿದ್ದೂ ಅಲ್ಲೇ. ಇವತ್ತು ನಾವು ಕೆಲಸಕ್ಕೆ ಬಂದ ಹಾಗೆ ಅವರು ಓದಿಗೆ ಬಂದವರು. ಹೋಗುವಾಗ ತಲೆಯಲ್ಲಿ ಮರಾಠಿ ಪುಸ್ತಕಗಳನ್ನು ತುಂಬಿಕೊಂಡು ಹೋಗುತ್ತಿದ್ದ ಕಾಲ ಅದು.

ಆ ಹೊತ್ತಿಗೆ ಪುಣೆಯಲ್ಲಿ ಹರಿ ನಾರಾಯಣ ಆಪಟೆ ಅಂತ ದೊಡ್ಡ ಕಾದಂಬರಿಕಾರರಿದ್ದರು. 1864ರಲ್ಲಿ ಹುಟ್ಟಿ 1919ರಲ್ಲಿ ತೀರಿಕೊಂಡವರು. 1890ರಲ್ಲಿ 'ಕರಮಣೂಕ್' ಅನ್ನೋ ವಾರಪತ್ರಿಕೆ ಶುರು ಮಾಡಿ ಅದರಲ್ಲಿ ಕಾದಂಬರಿಗಳನ್ನು ಧಾರಾವಾಹಿಯಾಗಿ ಕೊಡುತ್ತಿದ್ದರು. ಇಂಗ್ಲಿಷಿನ ವಾಲ್ಟರ್ ಸ್ಕಾಟ್‌ನ ಐತಿಹಾಸಿಕ ಕಾದಂಬರಿಗಳ ಪ್ರಭಾವ ಅವರ ಮೇಲಿತ್ತು. ಅಂದರೆ ಸ್ಕಾಟ್‌ಲೆಂಡಿನ ಕೋಟೆ ಕೊತ್ತಲಗಳ ಕಥೆ ಹೇಳುವ ರೀತಿ ಪುಣೆಗೆ ಬಂದು ಮರಾಠಿ ಬಟ್ಟೆ ತೊಟ್ಟುಕೊಂಡಿತ್ತು.

ಅಲ್ಲಿಂದ ಅದು ನಮ್ಮ ಹಾವೇರಿ ಸೀಮೆಗೆ ಬಂದದ್ದು ಒಬ್ಬ ಶಾಲಾ ಮಾಸ್ತರರ ಕೈಯಿಂದ. ವೆಂಕಟೇಶ ತಿರಕೋ ಕುಲಕರ್ಣಿ. ಈ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಗಳಗನಾಥ ಅಂದರೆ ಗೊತ್ತಾಗುತ್ತದೆ. 1869ರಿಂದ 1942ರವರೆಗೆ ಬದುಕಿದವರು, ತಮ್ಮ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು. ಆಪಟೆಯವರ ಕಾದಂಬರಿಗಳನ್ನು ಒಂದರ ಹಿಂದೊಂದು ಕನ್ನಡಕ್ಕೆ ತಂದರು. ಅಗಡಿಯ ಆನಂದವನದಿಂದ ಬರುತ್ತಿದ್ದ 'ಸದ್ಬೋಧ ಚಂದ್ರಿಕೆ' ಪತ್ರಿಕೆಯಲ್ಲಿ ಅವರ ಕಾದಂಬರಿಗಳಿಗಾಗಿ ಜನ ಕಾಯುತ್ತಿದ್ದರು. ಹಳೆ ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದು ಮಾಡಿದ ಕೆಲಸವನ್ನೇ ಇವರು ಉತ್ತರದಲ್ಲಿ ಮರಾಠಿಯಿಂದ ಮಾಡಿದರು. ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹತ್ತಿಸಿದವರು ಇವರಿಬ್ಬರು.

ಇಲ್ಲಿ ಒಂದು ಪುಸ್ತಕವನ್ನು ಸ್ವಲ್ಪ ನಿಂತು ನೋಡಿ. ವಿಜಯನಗರ ಬಿದ್ದ 1565ರ ಯುದ್ಧದ ಮೇಲೆ ಆಪಟೆ ಮರಾಠಿಯಲ್ಲಿ 'ವಜ್ರಾಘಾತ' ಬರೆದರು. ವಜ್ರಾಘಾತ ಅಂದರೆ ಸಿಡಿಲಿನ ಪೆಟ್ಟು. ಗಳಗನಾಥರು ಅದನ್ನು ಕನ್ನಡಕ್ಕೆ ತಂದಾಗ ಇಟ್ಟ ಹೆಸರು 'ಕನ್ನಡಿಗರ ಕರ್ಮಕಥೆ'. ಘಟನೆ ಅದೇ, ಸೋಲು ಅದೇ. ಆದರೆ ಸಿಡಿಲು ಹೊರಗಿನಿಂದ ಬಂದು ಬಡಿಯುವಂಥದ್ದು, ಕರ್ಮ ನಮ್ಮದೇ. ಪುಣೆಯಲ್ಲಿ ಕೂತು ನೋಡಿದವರಿಗೆ ಒಂದು ಸಾಮ್ರಾಜ್ಯ ಬಿದ್ದ ಹಾಗೆ ಕಂಡರೆ, ತುಂಗಭದ್ರೆಯ ದಡದವರಿಗೆ ತಮ್ಮ ಮನೆಯೇ ಬಿದ್ದ ಹಾಗೆ ಕಂಡಿತು. ಒಂದು ಹೆಸರು ಬದಲಾದ ಕೂಡಲೇ ಅಳುವವರು ಬದಲಾದರು. ಇನ್ನೊಬ್ಬರ ಕಥೆಯನ್ನು ತಂದುಕೊಂಡು ಮತ್ತೆ ಹೇಳುವುದು ಅಂದರೆ ಇದು. ನಕಲು ಅಂತ ಕರೆದು ಕೈತೊಳೆದುಕೊಳ್ಳೋಕೆ ಬರುವುದಿಲ್ಲ.

ಇನ್ನೊಂದು ವಿಷಯ. ಗಳಗನಾಥರು ಬರೆದು ಸುಮ್ಮನೆ ಕೂರಲಿಲ್ಲ. ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಆಗ ನಮ್ಮ ಕಡೆ ಪುಸ್ತಕದ ಅಂಗಡಿ ಎಲ್ಲಿತ್ತು? ಕಟ್ಟೆಯ ಮೇಲೆ ಕೂತು, ಕಥೆ ಇಂಥದ್ದು ಅಂತ ಹೇಳಿ, ಆಮೇಲೆ ಕೈಗೆ ಪುಸ್ತಕ ಕೊಡಬೇಕು. ಈಗ ನಾವು ಫೋನಿನಲ್ಲಿ ಒಂದು ಕೊಂಡಿ ಕಳಿಸಿ 'ಇದನ್ನ ಓದು, ಚೆನ್ನಾಗಿದೆ' ಅಂತೀವಲ್ಲ, ಆ ಕೆಲಸವನ್ನು ಆ ಮನುಷ್ಯ ಕಾಲ್ನಡಿಗೆಯಲ್ಲಿ ಮಾಡಿದರು.

ಡೆಕ್ಕನ್ ಕಡೆಯ ಒಂದು ಕಟ್ಟಡ

ಈಗ ಇತಿಹಾಸದ ಪುಣೆಯಿಂದ ನಾವಿರುವ ಪುಣೆಗೆ ಬರೋಣ. ಹಡಪಸರದಿಂದ ಸ್ವಾರ್‌ಗೇಟ್ ದಾಟಿ ಡೆಕ್ಕನ್ ಕಡೆ ಹೋದರೆ ಲಾ ಕಾಲೇಜ್ ರಸ್ತೆಯಲ್ಲಿ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಇದೆ. 1917ರಲ್ಲಿ ಶುರುವಾದದ್ದು. ನಮ್ಮಲ್ಲಿ ಎಷ್ಟೋ ಜನ ಅದರ ಮುಂದೆ ಟ್ರಾಫಿಕ್ಕಿನಲ್ಲಿ ನಿಂತಿದ್ದೇವೆ, ಒಳಗೆ ಹೋಗಿಲ್ಲ.

ಅಲ್ಲಿ 1919ರಲ್ಲಿ ಒಂದು ಕೆಲಸ ಹಿಡಿದರು. ದೇಶದ ಮೂಲೆಮೂಲೆಯಲ್ಲಿ ಬೇರೆ ಬೇರೆ ಲಿಪಿಗಳಲ್ಲಿ ಇದ್ದ ಮಹಾಭಾರತದ ಹಸ್ತಪ್ರತಿಗಳನ್ನು ಒಟ್ಟಿಗೆ ಇಟ್ಟು, ಸಾಲು ಸಾಲು ಹೋಲಿಸಿ, ಎಲ್ಲಕ್ಕೂ ಹಳೆಯದಾದ ಪಾಠ ಯಾವುದು ಅಂತ ಕಂಡುಹಿಡಿಯುವ ಕೆಲಸ. ನೋಡಿದ ಹಸ್ತಪ್ರತಿಗಳು 1259. 1925ರಲ್ಲಿ ವಿ. ಎಸ್. ಸುಕ್‌ಠಣಕರ್ ಪ್ರಧಾನ ಸಂಪಾದಕರಾದರು. ಅವರು 1943ರಲ್ಲಿ ತೀರಿಕೊಂಡರು, ಆಮೇಲೆ ಬೇರೆಯವರು ಮುಂದುವರಿಸಿದರು. ಮುಗಿದದ್ದು 1966ರಲ್ಲಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ 1259 ಬ್ರ್ಯಾಂಚುಗಳ ನಡುವೆ ಡಿಫ್ ನೋಡಿ, ಮೊದಲ ಕಮಿಟ್ ಹುಡುಕುವ ಕೆಲಸ, ಅದೂ ಕಂಪ್ಯೂಟರ್ ಇಲ್ಲದೆ, 47 ವರ್ಷ.

ಆ ಕೆಲಸದಿಂದ ಏನಾಯಿತು? ನಾವು ಮಹಾಭಾರತ ಅಂತ ತಿಳಿದುಕೊಂಡಿದ್ದ ಹಲವು ಸಂಗತಿಗಳು ಮುಖ್ಯ ಪಾಠದಿಂದ ಕೆಳಗಿಳಿದು ಅಡಿಟಿಪ್ಪಣಿಗೋ ಅನುಬಂಧಕ್ಕೋ ಹೋದವು. ವ್ಯಾಸರು ಹೇಳುತ್ತಾ ಗಣಪತಿ ಬರೆದುಕೊಂಡ ಕಥೆ ಅನುಬಂಧಕ್ಕೆ ಹೋಯಿತು. ಸ್ವಯಂವರದಲ್ಲಿ ದ್ರೌಪದಿ ಕರ್ಣನನ್ನು ಸೂತ ಅಂತ ತಿರಸ್ಕರಿಸುವ ಮಾತು ಹೋಯಿತು. ಸಭೆಯಲ್ಲಿ ದ್ರೌಪದಿ ಕೃಷ್ಣನನ್ನು ಕೂಗಿ ಕರೆಯುವ ಭಾಗವೂ ಹೋಯಿತು. ಇವೆಲ್ಲ ಯಾರೋ ಸುಳ್ಳು ಬರೆದರು ಅಂತಲ್ಲ. ಒಂದೊಂದು ಕಾಲದ, ಒಂದೊಂದು ಸೀಮೆಯ ಜನ ಕಥೆಯನ್ನು ಕೇಳಿ, ಇಲ್ಲಿ ಇನ್ನೇನೋ ಬೇಕಿತ್ತಲ್ಲ ಅಂತ ಅನ್ನಿಸಿ, ಸೇರಿಸಿದ್ದು. ಅಂದರೆ ಕಾದಂಬರಿಕಾರರು ಇವತ್ತು ಮಾಡುವುದನ್ನು ಹಸ್ತಪ್ರತಿ ಬರೆದುಕೊಂಡವರು ಆಗಲೇ ಮಾಡಿದ್ದರು.

ಇದರಲ್ಲಿ ಕನ್ನಡದವರು ಹಿಂದೆ ಬಿದ್ದವರೇನಲ್ಲ. 941ರ ಸುಮಾರಿಗೆ ಪಂಪ 'ವಿಕ್ರಮಾರ್ಜುನ ವಿಜಯ' ಬರೆದಾಗ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಮಾಡಿದ, ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿಸಿದ. ಅಷ್ಟೆಲ್ಲ ಮಾಡಿಯೂ ಕರ್ಣನ ಹತ್ತಿರ ಬಂದಾಗ ಅವನ ಮನಸ್ಸು ಎದುರು ಪಕ್ಷಕ್ಕೆ ಕರಗಿತು. ಮೂಲವನ್ನು ಪ್ರೀತಿಸುವವನೇ ಮೂಲವನ್ನು ತಿದ್ದುವ ಧೈರ್ಯ ಮಾಡುತ್ತಾನೆ ಅನ್ನೋದಕ್ಕೆ ಸಾವಿರ ವರ್ಷದ ಹಿಂದಿನ ಸಾಕ್ಷಿ ಇದು.

ಯಾವುದನ್ನು ಓದಬೇಕು

ಈಗ ನೀವು ಕೇಳಿದ ಹೆಸರುಗಳು. ಈ ಭಾಗದಲ್ಲೇ ಹುಟ್ಟಿದ, ನಮಗೆ ಎರಡೂ ಭಾಷೆಯಲ್ಲಿ ಕೈಗೆ ಸಿಗುವ ಪುಸ್ತಕಗಳಿಂದ ಶುರು ಮಾಡ್ತೀನಿ.

ಮೊದಲನೆಯದು ಇರಾವತಿ ಕರ್ವೆಯವರ 'ಯುಗಾಂತ'. 1967ರದು. ಇದು ಕಾದಂಬರಿಯಲ್ಲ, ಪ್ರಬಂಧಗಳ ಪುಸ್ತಕ. ಕರ್ವೆ ಮಾನವಶಾಸ್ತ್ರಜ್ಞೆ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದವರು, ಈ ಊರಿನ ರಸ್ತೆಗಳಲ್ಲಿ ಸ್ಕೂಟರ್ ಓಡಿಸಿದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಭಾಂಡಾರಕರ್ ಆವೃತ್ತಿಯ ಪಾಠವನ್ನು ಮುಂದಿಟ್ಟುಕೊಂಡು ಗಾಂಧಾರಿ, ಕುಂತಿ, ದ್ರೌಪದಿ, ಭೀಷ್ಮ ಇವರನ್ನೆಲ್ಲ ದೇವರ ಗುಡಿಯಿಂದ ಇಳಿಸಿ ನಮ್ಮ ಮನೆಯ ಹಿರಿಯರ ಹಾಗೆ ಎದುರು ಕೂರಿಸಿ ಪ್ರಶ್ನೆ ಕೇಳಿದರು. ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಸಣ್ಣ ಪುಸ್ತಕ, ಎರಡು ಭಾನುವಾರದಲ್ಲಿ ಮುಗಿಯುತ್ತದೆ.

ಎರಡನೆಯದು ಯಯಾತಿಯ ಜೋಡಿ. ವಿ. ಸ. ಖಾಂಡೇಕರರು 1959ರಲ್ಲಿ ಮರಾಠಿಯಲ್ಲಿ 'ಯಯಾತಿ' ಕಾದಂಬರಿ ತಂದರು. ಖಾಂಡೇಕರರಿಗೆ 1974ರ ಜ್ಞಾನಪೀಠ ಬಂತು. ಎರಡೇ ವರ್ಷದ ಅಂತರದಲ್ಲಿ, 1961ರಲ್ಲಿ, ಅದೇ ಯಯಾತಿಯ ಮೇಲೆ ಗಿರೀಶ ಕಾರ್ನಾಡರ ಕನ್ನಡ ನಾಟಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಖಾಂಡೇಕರರದ್ದು ತೀರದ ಭೋಗದ ಕಥೆ. ಕಾರ್ನಾಡರು ಅದನ್ನು ಬರೆದದ್ದು ಓದಿಗಾಗಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ಊರು ಬಿಡುವ ಮಗನ ತಳಮಳದಲ್ಲಿ. ಅಪ್ಪ ಮಗನ ಯೌವನ ಕೇಳಿದಾಗ ಮಗ ಕೊಡಬೇಕಾ, ಕೊಟ್ಟರೆ ಅವನನ್ನು ನಂಬಿ ಬಂದ ಹೆಂಡತಿಯ ಗತಿ ಏನು? ಊರಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಇಲ್ಲಿ ಕೂತ ನಮಗೆ ಇದು ಪುರಾಣ ಅನ್ನಿಸೋದೇ ಇಲ್ಲ. ಎರಡನ್ನೂ ಒಟ್ಟಿಗೆ ಓದಿ. ಒಂದೇ ಬೀಜ, ಎರಡು ಗಿಡ.

ಮೂರನೆಯದು ಶಿವಾಜಿ ಸಾವಂತರ 'ಮೃತ್ಯುಂಜಯ', ಕರ್ಣನ ಮೇಲೆ. ಇದೂ 1967ರದು. ನಿಮ್ಮ ಮರಾಠಿ ಗೆಳೆಯರನ್ನು ಕೇಳಿ, ಕಾಲೇಜಿನಲ್ಲಿದ್ದಾಗ ಇದನ್ನು ಓದಿ ಕಣ್ಣೀರಿಟ್ಟವರು ಆಫೀಸಿಗೆ ಇಬ್ಬರಾದರೂ ಸಿಗುತ್ತಾರೆ. ಓದಿ ಮುಗಿಸಿ ಪಂಪನ ಕರ್ಣನ ಹತ್ತಿರ ಹೋಗಿ, ನಮ್ಮಲ್ಲಿ ಇದು ಎಷ್ಟು ಹಿಂದೆಯೇ ಶುರುವಾಗಿತ್ತು ಅಂತ ಆಶ್ಚರ್ಯ ಆಗುತ್ತದೆ.

ನಾಲ್ಕನೆಯದು ಹೆಸರಲ್ಲೇ ಪುಣೆ ಇರುವ, ಆದರೆ ಧಾರವಾಡದಲ್ಲಿ ಹುಟ್ಟಿದ ಶಂಕರ ಮೊಕಾಶಿ ಪುಣೇಕರರ 'ಅವಧೇಶ್ವರಿ'. ಮಹಾಭಾರತಕ್ಕೂ ಹಿಂದಕ್ಕೆ, ವೇದಕಾಲದ ಅಯೋಧ್ಯೆಗೆ ಹೋಗುವ ಕಾದಂಬರಿ. 1988ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಇದನ್ನು ಓದಿದವರು ಕಡಿಮೆ, ಓದಿದವರು ಮರೆಯುವುದಿಲ್ಲ.

ಐದನೆಯದು, ನನ್ನ ನಾಚಿಕೆಯ ಪುಸ್ತಕ. ಎಸ್. ಎಲ್. ಭೈರಪ್ಪನವರ 'ಪರ್ವ', 1979. ಕುರುಕ್ಷೇತ್ರ ಇಲ್ಲಿಂದ ಶುರುವಾಗುವುದಿಲ್ಲ, ಅರ್ಜುನನ ರಥವೂ ಕಾಣುವುದಿಲ್ಲ. ಮದ್ರದೇಶದ ಮುದುಕ ರಾಜ ಶಲ್ಯ, ಮೊಮ್ಮಗಳ ಮದುವೆಯ ಚಿಂತೆಯಲ್ಲಿ ಕೂತಿದ್ದಾನೆ. ಶಾಪ, ವರ, ಪವಾಡ ಎಲ್ಲ ತೆಗೆದುಹಾಕಿದರೆ ಈ ಜನ ಹೇಗೆ ಬದುಕಿದ್ದರು, ಮಕ್ಕಳು ಹೇಗೆ ಹುಟ್ಟಿದರು, ಐದು ಜನ ಗಂಡಂದಿರ ಹೆಂಡತಿಯ ದಿನ ಹೇಗಿತ್ತು, ಯುದ್ಧಭೂಮಿಯಲ್ಲಿ ಲಕ್ಷಾಂತರ ಜನಕ್ಕೆ ಅನ್ನ ನೀರು ಎಲ್ಲಿಂದ ಬಂತು ಅಂತ ಕೇಳುತ್ತಾ ಹೋಗುವ ಕಾದಂಬರಿ. ಇದಕ್ಕಾಗಿ ಭೈರಪ್ಪನವರು ಹಿಮಾಲಯದಲ್ಲಿ ಬಹುಪತಿತ್ವ ಉಳಿದಿದ್ದ ಹಳ್ಳಿಗಳವರೆಗೂ ತಿರುಗಾಡಿದ್ದರು. 2021ರಲ್ಲಿ ಮೈಸೂರು ರಂಗಾಯಣ ಇದನ್ನು ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ ಸುಮಾರು ಎಂಟು ಗಂಟೆಯ ನಾಟಕ ಮಾಡಿತು. ಎಲ್ಲ ನಿರ್ಧಾರವನ್ನೂ ಒಪ್ಪಬೇಕಂತಿಲ್ಲ, ನನಗೂ ಕೆಲವು ಕಡೆ ಜಗಳ ಇದೆ. ಆದರೆ ಓದದೆ ಜಗಳ ಆಡೋಕೆ ಬರಲ್ಲ.

ಟೇಪಿನಲ್ಲಿ ಬಂದ ಕನ್ನಡ

ಇನ್ನು ನನ್ನ ಸಾತಾರಾದ ಹಿರಿಯರ ಕೈಗೆ 'ಪರ್ವ' ಬಂದದ್ದು ಹೇಗೆ? ಇದು ಕನ್ನಡದಿಂದ ಪುಣೆಗೆ ಬಂದ ದಾರಿ.

ಅದನ್ನು ಮರಾಠಿಗೆ ತಂದವರು ಉಮಾ ಕುಲಕರ್ಣಿ. ಹುಟ್ಟಿದ್ದು ಬೆಳಗಾವಿ, ಮನೆಮಾತು ಮರಾಠಿ. ಗಂಡ ವಿರೂಪಾಕ್ಷ ಕುಲಕರ್ಣಿಯವರ ಮಾತು ಕನ್ನಡ. ಸಂಸಾರ ಪುಣೆಯಲ್ಲಿ. ಉಮಾ ಅವರಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಲಿಪಿ ಓದುವ ರೂಢಿ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡರು. ವಿರೂಪಾಕ್ಷರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುವುದು, ಉಮಾ ಅದನ್ನು ಕೇಳುತ್ತಾ ಮರಾಠಿಯಲ್ಲಿ ಬರೆಯುವುದು. ಶಿವರಾಮ ಕಾರಂತ, ಭೈರಪ್ಪ, ಅನಂತಮೂರ್ತಿ, ತೇಜಸ್ವಿ, ಹೀಗೆ ಕನ್ನಡದ ಎಷ್ಟೋ ದೊಡ್ಡವರು ಮರಾಠಿ ಮನೆಗಳಿಗೆ ಹೋದದ್ದು ಈ ದಂಪತಿಯ ಕೈಯಿಂದ. 'ವಂಶವೃಕ್ಷ'ದ ಅನುವಾದಕ್ಕೆ ಉಮಾ ಅವರಿಗೆ 1989ರ ಸಾಹಿತ್ಯ ಅಕಾಡೆಮಿ ಅನುವಾದ ಪ್ರಶಸ್ತಿ ಬಂತು. ಮಹಾರಾಷ್ಟ್ರದಲ್ಲಿ ಭೈರಪ್ಪನವರಿಗೆ ಇರುವ ಓದುಗರ ಬಳಗ ನೋಡಿದರೆ, ಅವರು ಮರಾಠಿ ಲೇಖಕರೇ ಅಂತ ತಿಳಿದವರೂ ಸಿಗುತ್ತಾರೆ. 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡಾಗ ನನಗೆ ಮೊದಲು ಬಂದ ಸಂದೇಶ ಊರಿನಿಂದಲ್ಲ, ಅದೇ ಸಾತಾರಾದ ಹಿರಿಯರಿಂದ.

ಆ ಟೇಪಿನ ವಿಷಯ ಯಾಕೆ ಇಷ್ಟು ಹೇಳ್ತಿದ್ದೀನಿ ಅಂದರೆ, ನಮ್ಮ ಮನೆಗಳ ಕಥೆ ಅದೇ ಆಗಿದೆ. ನನ್ನ ಮಗಳು ಈಗ ಹನ್ನೊಂದನೇ ಕ್ಲಾಸು. ಹುಟ್ಟಿ ಬೆಳೆದದ್ದು ಹಡಪಸರದಲ್ಲಿ. ಇಂಗ್ಲಿಷ್ ಓದುತ್ತಾಳೆ, ಮರಾಠಿ ನೀರು ಕುಡಿದ ಹಾಗೆ ಓದುತ್ತಾಳೆ. ಅಜ್ಜಿ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಾಳೆ, "ಹೂಂ ಅವ್ವಾ, ಊಟ ಆತು" ಅಂತ ನಮ್ಮ ಊರಿನ ಮಾತೇ ಬರುತ್ತದೆ. ಕನ್ನಡ ಅಕ್ಷರ ಮುಂದೆ ಹಿಡಿದರೆ ಮಾತ್ರ ಕಣ್ಣು ಪಿಳಿಪಿಳಿ ಬಿಡುತ್ತಾಳೆ. ತಪ್ಪು ಅವಳದಲ್ಲ, ಕಲಿಸಬೇಕಾದ ವರ್ಷಗಳಲ್ಲಿ ನಾನು ರಾತ್ರಿ ಹತ್ತರ ತನಕ ಕಾಲ್‌ನಲ್ಲಿ ಇದ್ದೆ. ಭಾಷೆ ಮುಗಿದೇ ಹೋಯಿತು ಅಂತ ನಾನು ಕೈಬಿಟ್ಟಿದ್ದೆ. ಆದರೆ ಬೆಳಗಾವಿಯ ಒಬ್ಬ ಹೆಣ್ಣುಮಗಳು ಕಿವಿಯಿಂದ ಕೇಳಿಯೇ ಒಂದು ಇಡೀ ಸಾಹಿತ್ಯವನ್ನು ದಾಟಿಸಿದರು ಅಂತ ಗೊತ್ತಾದ ಮೇಲೆ ಕೈಬಿಡೋಕೆ ನೆಪ ಉಳಿಯಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ತಿದೆ. ಅಪ್ಪ ಈಗಿಲ್ಲ. ಪುಸ್ತಕ ಇತ್ತು, ಬೆನ್ನು ಬಿಟ್ಟಿತ್ತು, ಮೊದಲ ಪುಟದಲ್ಲಿ ಅಪ್ಪನ ಸಹಿ. ತಂದು, ಫೋನಿನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಓದಿ ರೆಕಾರ್ಡ್ ಮಾಡಿ ಮಗಳಿಗೆ ಕಳಿಸೋಕೆ ಶುರು ಮಾಡಿದೆ. ಅವಳು ಕಾಲೇಜ್ ಬಸ್ಸಿನಲ್ಲಿ ಕೇಳುತ್ತಾಳೆ. ಮೊದಲ ವಾರ ಏನೂ ಹೇಳಲಿಲ್ಲ. ಎರಡನೇ ವಾರ ಒಂದು ರಾತ್ರಿ ಅಡುಗೆಮನೆಗೆ ಬಂದು, "ಅಪ್ಪಾ, ಶಲ್ಯ ಮೊಮ್ಮಗಳಿಗೆ ಕನ್ಯಾಶುಲ್ಕ ತಗೋತಾನಲ್ಲ, ಅದರಾಗ ತಪ್ಪೇನೈತಿ? ಈಗಿನವರು ಹುಡುಗಿ ಕಡೆಯಿಂದನ ತಗೋತಾರಲ್ಲ, ಅದು ಇನ್ನೂ ಕೆಟ್ಟದಲ್ಲೇನು?" ಅಂದಳು. ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಇಬ್ಬರೂ ನಿಂತುಕೊಂಡೇ ಅರ್ಧ ಗಂಟೆ ಜಗಳ ಆಡಿದೆವು, ಕನ್ನಡದಲ್ಲಿ. ಮಧ್ಯೆ ಹಾಲು ಉಕ್ಕಿ ಒಲೆಯೆಲ್ಲ ಆಯಿತು, ಅದಕ್ಕೆ ಬೇರೆ ಬೈಸಿಕೊಂಡೆವು.

ಅದಕ್ಕೇ ಈ ವಾರ ನಿಮ್ಮ ಹತ್ತಿರ ಕೇಳೋದು ಇಷ್ಟು. ರಾತ್ರಿ ಗಾಡಿತಳದ ಹತ್ತಿರ ಕಲಬುರಗಿ, ವಿಜಯಪುರದ ಬಸ್ಸಿಗೆ ಕಾಯುವವರು, ಕಾತ್ರಜ್ ಕಡೆ ಹೋಗಿ ಹುಬ್ಬಳ್ಳಿಯ ಬಸ್ಸು ಹಿಡಿಯುವ ನಮ್ಮಂಥವರು, ಊರಿಂದ ಬರುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರ್ತೀವಲ್ಲ, ಆ ಚೀಲದಲ್ಲಿ ಒಂದು ಪುಸ್ತಕವೂ ಇರಲಿ. ಬಂದ ಮೇಲೆ ಯಾರಿಗಾದರೂ ಹತ್ತು ಪುಟ ಗಟ್ಟಿಯಾಗಿ ಓದಿ ಹೇಳಿ. ಮಗಳಿಗೆ ಇರಬಹುದು, ಲಿಪಿ ಬಾರದ ಹೆಂಡತಿಗೆ ಇರಬಹುದು, ಕಣ್ಣು ಮಂಜಾದ ಅವ್ವನಿಗೆ ಇರಬಹುದು. ಮರಾಠಿ ಗೆಳೆಯರ ಹತ್ತಿರ ಅವರ ಪುಸ್ತಕ ಕೇಳಿ ತಗೊಳ್ಳಿ, ನಮ್ಮದು ಕೊಡಿ.

ನಾವು ಈಗ ಎರಡನೇ ಅಧ್ಯಾಯದಲ್ಲಿದ್ದೇವೆ. ಸಾತಾರಾದ ಹಿರಿಯರು ನಿವೃತ್ತರಾಗಿದ್ದಾರೆ, ಆದರೂ ತಿಂಗಳಿಗೊಮ್ಮೆ ಫೋನ್ ಮಾಡಿ "ಎಲ್ಲಿಗೆ ಬಂತು?" ಅಂತ ಕೇಳ್ತಾರೆ. ಮುಂದಿನ ವಾರ ಸಿಗೋಣ. ನಮಸ್ಕಾರ.